ಸೂಗಪ್ಪನ ಡಬಲ್ ರೊಟ್ಟಿ

ಆ ಕಾಲಕ್ಕೆ ಮಸ್ಕಿಯಲ್ಲಿ ಡಬಲ್ ರೊಟ್ಟಿ, ಅಂದರೆ ಬ್ರೆಡ್ಡು, ತಿನ್ನುವವರು ಎರಡೇ ಬಗೆಯ ಜನ. ಒಬ್ಬರು ಬಂಗಲೆಗೆ ಬಂದಿಳಿಯುವ ಸಾಹೇಬರು, ಇನ್ನೊಬ್ಬರು ಬದುಕುವ ಭರವಸೆ ಇಲ್ಲದ ರೋಗಿಗಳು. ಇದು ಸೂಗಪ್ಪನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಆ ಮಹಾನುಭಾವ ರಾಯಚೂರು ಬಸ್ಸಿನಲ್ಲಿ ಬಂದ ಡಬಲ್ ರೊಟ್ಟಿಯನ್ನು ಚೀಲಕ್ಕೆ ಹಾಕದೆ, ಕಂಕುಳಲ್ಲಿ ಇರುಕಿಕೊಂಡು ಹಾಡುಹಗಲೇ ಬಜಾರದ ನಡುವೆ ನಡೆದುಬಂದ. ಅವತ್ತಿನ ಫಜೀತಿಗೆಲ್ಲ ಅದೇ ಮೂಲ.

ಸೂಗಪ್ಪ ಕಾಲುವೆ ಕಚೇರಿಯಲ್ಲಿ ಮೂರು ವರ್ಷದಿಂದ ಲೆಕ್ಕ ಬರೆಯುವ ಹಂಗಾಮಿ ಮುನ್ಷಿ. ಕಾಲುವೆಯ ಕೆಲಸ ಸಿಂಧನೂರಿನ ಕಡೆ ಸರಿಯುತ್ತಿತ್ತು. ಹಂಗಾಮಿಯವರನ್ನೆಲ್ಲ ಮನೆಗೆ ಕಳಿಸುತ್ತಾರೆಂಬ ಸುದ್ದಿ ಹಬ್ಬಿ ಅವನ ನಿದ್ದೆ ಕೆಟ್ಟಿತ್ತು. ಕಾಯಂ ಮಾಡುವ ಅಧಿಕಾರವಿದ್ದ ದೊಡ್ಡ ಇಂಜಿನಿಯರ್ ಸಾಹೇಬರು ಅಂದು ಮಧ್ಯಾಹ್ನ ಮೂರಕ್ಕೆ ಬಂಗಲೆಗೆ ಬರುವವರಿದ್ದರು. ಬಂಗಲೆಯಲ್ಲಿ ಅಡಿಗೆ ಮಾಡುವ ಬಾವರ್ಚಿ ಇಮಾಮ್‌ಸಾಬ್ ಮಗಳ ಮದುವೆಗೆಂದು ಲಿಂಗಸುಗೂರಿಗೆ ಹೊರಟವನು, ಒಂದು ತಗಡಿನ ಡಬ್ಬಿಯನ್ನು ಸೂಗಪ್ಪನ ಕೈಗಿಟ್ಟು ಹೇಳಿದ್ದ:

"ಸಾಹೇಬ್ರಿಗೆ ಎದಿ ಬ್ಯಾನಿ. ಎಣ್ಣಿ ಇರೋ ಮೀನ ತಿನ್ನಬೇಕಂತ ಡಾಕ್ಟರ್ ಹುಕುಂ ಆಗೇತಿ. ಡಬ್ಬಿ ಒಡಿ, ಮೀನ ಹಿಚುಕು. ಉಳ್ಳಾಗಡ್ಡಿ, ಕೊತ್ತಂಬ್ರಿ, ಮೆಣಸಿನ ಪುಡಿ ಕಲಸಿ ನಿಂಬಿಹಣ್ಣು ಹಿಂಡು. ಡಬಲ್ ರೊಟ್ಟಿ ಕೊಯ್ದು ಎರಡು ತುಂಡಿನ ನಡುವ ಹಚ್ಚು. ಸ್ಯಾಂಡ್‌ವಿಚ್ ಅಂದ್ರ ಅಷ್ಟ. ಸಾಹೇಬ್ರು ಖುಷಿ ಆದ್ರ ನೀ ಕಾಯಂ ಅಂತ ತಿಳಕೋ."

"ನಾ ಲಿಂಗ ಕಟ್ಟಿದಾಂವ, ಇಮಾಮಣ್ಣ!"

"ತಿನ್ನಬ್ಯಾಡೋ ಮಾರಾಯ, ಬರೇ ಹಚ್ಚು."

ಡಬ್ಬಿಯ ಮೇಲೆ ಮೊಳದುದ್ದ ಬಾಲದ ಮೀನಿನ ಚಿತ್ರವಿತ್ತು. ಬುತ್ತಿ ತೆಗೆದುಕೊಳ್ಳಲು ಮನೆಗೆ ಹೋಗಲೇಬೇಕು, ಓಣಿಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆದುಕೊಳ್ಳುವ ಜನ. ಸೂಗಪ್ಪ ಹಳ್ಳದ ಕಲ್ಲಿಗೆ ಡಬ್ಬಿಯನ್ನು ತಿಕ್ಕಿ ತಿಕ್ಕಿ ಚಿತ್ರ ಅಳಿಸಿ, ಧೋತರದ ನಡುವಿಗೆ ಸಿಕ್ಕಿಸಿಕೊಂಡು, ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡ.

ಆದರೆ ಡಬಲ್ ರೊಟ್ಟಿಯ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಬಾಗಿಲಲ್ಲಿ ಹೆಂಡತಿ ಗುರುಲಿಂಗಮ್ಮ ಸೆರಗು ಬಾಯಿಗೊತ್ತಿ ಅಳುತ್ತಿದ್ದಳು. ಪಕ್ಕದ ಮನೆಯ ಕಸ್ತೂರೆಮ್ಮ ಅರ್ಧ ಓಣಿಯನ್ನು ಕಟ್ಟಿಕೊಂಡು ನಿಂತಿದ್ದಳು.

"ಗುರುಲಿಂಗಮ್ಮ ಗಟ್ಟಿ ಅದಾಳ. ಅಂದಮ್ಯಾಲೆ ಬ್ಯಾನಿ ಇವಂಗ!" ಎಂದು ಕಸ್ತೂರೆಮ್ಮ ತೀರ್ಪು ಕೊಟ್ಟಳು.

"ನನಗೊಂದು ಮಾತು ಹೇಳಬಾರದಿತ್ತೇನ್ರೀ?" ಎಂದು ಗುರುಲಿಂಗಮ್ಮ ಬಿಕ್ಕಿದಳು.

"ನನಗೇನೂ ಆಗಿಲ್ಲ! ಇದು ಸಾಹೇಬ್ರಿಗೆ ತಂದದ್ದು!"

"ಸಾಹೇಬ್ರಿಗೆ ಮಾಡಿ ಹಾಕಾಂವ ಇಮಾಮ್‌ಸಾಬ್. ನೀ ಯಾಕ ತರತಿ? ಏನು ಮಾಡಿ ಹಾಕಾಂವ ಅದೀಯಪಾ ನೀನು?" ಎಂದು ಕಸ್ತೂರೆಮ್ಮ ಕೆದಕಿದಳು.

ಉತ್ತರ ಕೊಟ್ಟರೆ ಮಾತು ನೆಟ್ಟಗೆ ಮೀನಿಗೇ ಹೋಗಿ ಮುಟ್ಟುತ್ತಿತ್ತು. ಸೂಗಪ್ಪ ಸುಮ್ಮನಾದ. ಮಾತಾಡಲೂ ತ್ರಾಣವಿಲ್ಲ ಎಂದುಕೊಂಡ ಓಣಿಯವರು ಅವನನ್ನು ಹೊರಸಿನ ಮೇಲೆ ಕೆಡವಿ, ಬೇಸಿಗೆಯ ಆ ಉರಿಯಲ್ಲಿ ಎರಡು ಕಂಬಳಿ ಹೊದಿಸಿದರು. ಕಸ್ತೂರೆಮ್ಮ ಡಬಲ್ ರೊಟ್ಟಿಯ ಅರ್ಧ ಮುರಿದು ಬಿಸಿ ಹಾಲಿಗೆ ಹಾಕಿ ಹಿಚುಕಿ, ಬಾಯಿಗೆ ತುರುಕತೊಡಗಿದಳು. ಪ್ರತಿ ತುತ್ತಿಗೂ ಸೂಗಪ್ಪನಿಗೆ ತನ್ನ ನೌಕರಿಯನ್ನು ತಾನೇ ನುಂಗುತ್ತಿರುವಂತೆ ಆಗಿ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಹೆಂಗಸರೂ ಅತ್ತರು.

ಅಷ್ಟರಲ್ಲಿ ಕರಿಬಸಯ್ಯನವರು ಬಂದರು. ಓಣಿಯ ನಾಡಿ ಹಿಡಿಯುವವರೂ ಅವರೇ, ಓಣಿಗೆ ಬಂದ ಕಾಗದಪತ್ರ ಓದಿ ಹೇಳುವವರೂ ಅವರೇ. ಕಂಬಳಿ ಸರಿಸಿ ಹೊಟ್ಟೆ ಒತ್ತಿದಾಗ ಕೈಗೆ ಡಬ್ಬಿ ತಗುಲಿತು.

"ಇದೇನೋ ಸೂಗಪ್ಪ?"

"ಔ... ಔಷಧ್ರೀ," ಎಂದುಬಿಟ್ಟ ಸೂಗಪ್ಪ.

ಈಳಿಗೆಯಿಂದ ಡಬ್ಬಿ ಸೀಳಿದ್ದೇ ತಡ, ವಾಸನೆ ಹೊಡೆದು ಮುಂದಿನ ಸಾಲಿನವರು ಹಿಂದಿನ ಸಾಲಿಗೆ ಹೋದರು. ಕರಿಬಸಯ್ಯನವರು ಹುಟ್ಟಿದಾಗಿನಿಂದ 'ನನಗೆ ಗೊತ್ತಿಲ್ಲ' ಎಂಬ ಮಾತು ಆಡಿದವರಲ್ಲ. ಕಣ್ಣು ಮುಚ್ಚಿ ಮೂಸಿದರು, ಎಣ್ಣೆಯಲ್ಲಿ ಬೆರಳಾಡಿಸಿದರು.

"ವಿಲಾಯತಿ ಮುಲಾಮು. ಒಳಗಿರೋದು ಯಾವುದೋ ಬೇರು. ಇಷ್ಟು ನಾರತದ ಅಂದ್ರ ಗುಣ ಭಾಳ ಇರಬೇಕು. ಮೊಣಕಾಲಿಂದ ಕೆಳಗ ಹಚ್ಚೂದು," ಎಂದರು. ತಾವೇ ಮುಂದಾಗಿ, ಬೇರನ್ನು ಅಂಗೈಯಲ್ಲಿ ನುಣ್ಣಗೆ ಹಿಚುಕಿ, ಡಬ್ಬಿ ಬರಿದಾಗುವ ತನಕ ತಿಕ್ಕಿದರು. ಸೂಗಪ್ಪ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಉಸಿರು ಬಿಗಿಹಿಡಿದು ಮಲಗಿದ.

ಎರಡು ಗಂಟೆಗೆ, ರೋಗಿಗೆ ನಿದ್ದೆ ಹತ್ತಿತೆಂದು ಜನ ಹೊರಗೆ ಹೋದರು. ಸೂಗಪ್ಪ ಉಳಿದರ್ಧ ರೊಟ್ಟಿ, ಬುತ್ತಿಯ ಗಂಟು ಎತ್ತಿಕೊಂಡು ಹಿತ್ತಲಗೋಡೆ ಹಾರಿ ಓಟ ಕಿತ್ತ. ಅವನ ಕಾಲಿನ ಹಿಂದೆ ಓಣಿಯ ನಾಲ್ಕು ಬೆಕ್ಕುಗಳೂ ಓಡಿದವು.

ಬಂಗಲೆಯಲ್ಲಿ ಬುತ್ತಿ ಬಿಚ್ಚಿದರೆ ಒಳಗೆ ಜೋಳದ ರೊಟ್ಟಿ, ಶೇಂಗಾ ಮಸಾಲೆ ತುಂಬಿದ ಬದನೆಕಾಯಿ ಎಣ್ಣೆಗಾಯಿ. ಮೀನಿಲ್ಲದಿದ್ದರೆ ಏನಾಯಿತು, ಎಣ್ಣೆಯಾದರೂ ಇದೆಯಲ್ಲ! ಸೂಗಪ್ಪ ದೇವರ ಮೇಲೆ ಭಾರ ಹಾಕಿ ಬದನೆಕಾಯಿ ಹಿಚುಕಿದ, ಉಳ್ಳಾಗಡ್ಡಿ, ಕೊತ್ತಂಬರಿ ಕಲಸಿದ, ನಿಂಬೆಹಣ್ಣು ಹಿಂಡಿದ, ಉಳಿದ ಡಬಲ್ ರೊಟ್ಟಿ ಕೊಯ್ದು ನಡುವೆ ಹಚ್ಚಿ ನಾಲ್ಕು ಸ್ಯಾಂಡ್‌ವಿಚ್ ಮಾಡಿದ. ಮೀನಿನ ವಾಸನೆಗೆ ಅವನ ಕಾಲುಗಳೇ ಸಾಕಾಗಿದ್ದವು.

ಸಾಹೇಬರು ಬಂದರು, ಕೂತರು, ಒಂದು ತುಂಡು ಕಚ್ಚಿದರು. ಕಚ್ಚಿ, ಅಗಿಯುವುದನ್ನು ನಿಲ್ಲಿಸಿದರು. ಸೂಗಪ್ಪ ಬಾಗಿಲ ಕಡೆ ಒಂದು ಹೆಜ್ಜೆ ಸರಿದ. ಆಮೇಲೆ ಸಾಹೇಬರು ಒಂದಾದ ಮೇಲೊಂದು ನಾಲ್ಕೂ ತಿಂದು ಮುಗಿಸಿದರು.

"ಭಾಳ ಛಲೋ ಮೀನ. ಯಾವ ಜಾತೀದು?"

"ಡ... ಡಬ್ಬೀದು ಸಾಹೇಬ್ರ."

"ಮೀನಿಗೆ ತೊಟ್ಟು ಇರತೈತೇನೋ?" ಎಂದು ಸಾಹೇಬರು ತಟ್ಟೆಯಿಂದ ಬದನೆಕಾಯಿಯ ತೊಟ್ಟನ್ನು ಎತ್ತಿ ಹಿಡಿದರು.

ಸೂಗಪ್ಪ ಕಾಲಿಗೆ ಬಿದ್ದ. ಸಾಹೇಬರು ಎದ್ದು ಬಾಗಿಲು ಹಾಕಿ ಬಂದು ದನಿ ತಗ್ಗಿಸಿದರು.

"ಏಳೋ. ನಮ್ಮವ್ವ ಇಂಥಾದ್ದ ಎಣ್ಣೆಗಾಯಿ ಮಾಡತಿದ್ದಳು. ಆರು ತಿಂಗಳಾತು, ಮೀನ ತಿಂದು ಬಾಯಿ ಕೆಟ್ಟು ಹೋಗೇತಿ. ಹೆಂಡತಿ ಬಿಡವಲ್ಲಳು. ವಾರಕ್ಕ ಆರು ಡಬ್ಬಿ ಕಳಸ್ತಾಳ, ಖಾಲಿ ಡಬ್ಬಿ ತಿರುಗಿ ಎಣಿಸ್ತಾಳ. ಇನ್ನಮ್ಯಾಲೆ ನನಗ ಈ ಮೀನ ಮಾಡಿ ಹಾಕು. ಆ ಮೀನ ಖಾಲಿ ಮಾಡೂದು ನಿನ್ನ ಜಿಮ್ಮಾ. ಇವತ್ತಿಂದ ನೀ ಕಾಯಂ!"

ಅಲ್ಲೇ ಹುಕುಂ ಬರೆದು, ಸಹಿ ಹಾಕಿ, ಅದರ ಜೊತೆ ಆರು ಡಬ್ಬಿಗಳನ್ನೂ ಕೊಟ್ಟರು. ಸೂಗಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೊರಗೆ ಬೇವಿನ ಮರದಡಿ ನಿಂತು ಹುಕುಂ ಬಿಡಿಸಿ ಓದಿದ: 'ಸೂಗಪ್ಪ, ಹಂಗಾಮಿ ಮುನ್ಷಿ, ಇವರನ್ನು ಇಂದಿನಿಂದ ಮೀನು ಅಡಿಗೆಯ ಬಾವರ್ಚಿ ಎಂದು ಕಾಯಂ ಮಾಡಲಾಗಿದೆ.'

ಸಂಜೆ, ಹಳ್ಳದ ಕಲ್ಲಿಗೆ ಆರೂ ಡಬ್ಬಿಯ ಮೀನಿನ ಚಿತ್ರಗಳನ್ನು ಬಲಿಕೊಟ್ಟು ಸೂಗಪ್ಪ ಮನೆಗೆ ಬಂದರೆ ಓಣಿಗೆ ಓಣಿಯೇ ಕಟ್ಟೆಯ ಮೇಲೆ ಕೂತಿತ್ತು. ಅವನು ನಡೆದು ಬರುವುದನ್ನು ಕಂಡ ಗುರುಲಿಂಗಮ್ಮನ ಮುಖ ಅರಳಿತು.

"ನೋಡ್ರಿ! ಮಧ್ಯಾಹ್ನ ಹಚ್ಚಿದ್ದು, ಸಂಜಿಗೆ ಎದ್ದು ಅಡ್ಡಾಡಾಕತ್ತಾನ! ತಿಕ್ಕಿದ ನನ್ನ ಕೈಬ್ಯಾನಿನೂ ಹೋಗೇತಿ," ಎಂದು ಕರಿಬಸಯ್ಯನವರು ಎದೆಯುಬ್ಬಿಸಿದರು. "ಬಂಗಲೆಗೆ ಹೋಗಿದ್ದಿ ಅಂತಲ್ಲ, ಮತ್ತ ಕಾಯಂ ಆತೇನೋ?"

"ಆತ್ರೀ ಅಯ್ಯಾರ."

"ಭಲೆ! ಎಲ್ಲೈತಿ ಹುಕುಂ? ಇಲ್ಲಿ ಕೊಡು. ಓಣಿ ಮಂದಿಗೆಲ್ಲ ಕೇಳೂವಂಗ ಓದತೀನಿ," ಎಂದು ಅವರು ಕೈಚಾಚಿದರು.

ಸೂಗಪ್ಪ ಹುಕುಮನ್ನು ಧೋತರದ ನಡುವಿನೊಳಗೆ ಆಳಕ್ಕೆ ತುರುಕಿ, ಚಾಚಿದ ಕೈಯಲ್ಲಿ ಒಂದು ಡಬ್ಬಿ ಇಟ್ಟ.

"ಹುಕುಂ ಎಲ್ಲಿ ಓಡಿ ಹೋಗತೈತ್ರೀ? ಮದಲ ನಿಮ್ಮ ಮೊಣಕಾಲ ತೋರಸ್ರೀ, ಅಯ್ಯಾರ."