ಆಡಿಟರಮ್ಮನ ಎಂ.ಕಾಂ. ಓದು

ನಲವತ್ತಾರನೇ ವಯಸ್ಸಿನಲ್ಲಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಕ್ಲಾಸಿಗೆ ಹೊರಟರೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗೇ ಎದುರು ಬಂದು ನಿಲ್ಲುತ್ತದೆ. ನಾನು ನಜರ್‌ಬಾದಿನಲ್ಲಿ ಇಪ್ಪತ್ತು ವರ್ಷದಿಂದ ಆಫೀಸು ಇಟ್ಟುಕೊಂಡಿರುವ ಚಾರ್ಟರ್ಡ್ ಅಕೌಂಟೆಂಟ್. ಜನ ಕರೆಯುವುದು ಆಡಿಟರಮ್ಮ ಅಂತ. ಕಾಲೇಜಿನಲ್ಲಿ ಪಾಠ ಹೇಳಬೇಕು ಅನ್ನುವುದು ಹಳೇ ಆಸೆ. ವಿಚಾರಿಸಲು ಹೋದಾಗ ಪ್ರಿನ್ಸಿಪಾಲರು, "ಸಿಎ ಆಗಿರೋದು ಬಹಳ ಸಂತೋಷ ಮೇಡಂ. ಆದ್ರೆ ನಿಯಮದಲ್ಲಿ ಸ್ನಾತಕೋತ್ತರ ಪದವಿ ಬೇಕು ಅಂತಿದೆಯಲ್ಲ," ಅಂದರು. ಹಾಗಾಗಿ ಸಂಜೆ ಕಾಲೇಜಿನಲ್ಲಿ ಎಂ.ಕಾಂ.ಗೆ ಸೇರಿದೆ.

ಅರ್ಜಿ

ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಕೇಳಿದರು: "ಬಿಕಾಂ ಆಗಿ ಇಷ್ಟು ವರ್ಷ ಏನ್ ಮಾಡ್ತಿದ್ರಿ?"

"ಸಿಎ ಓದಿದೆ."

ಅವರ ಮುಖ ಮೆತ್ತಗಾಯಿತು. ಪೆನ್ನು ಕೆಳಗಿಟ್ಟು, "ಬೇಜಾರ್ ಮಾಡ್ಕೋಬೇಡಿ ಮೇಡಂ. ನಮ್ಮ ಭಾಮೈದನೂ ಆರು ಸಲ ಕೂತ, ಆಗ್ಲಿಲ್ಲ. ಆಮೇಲೆ ಎಂಕಾಂ ಮಾಡ್ಕೊಂಡು ಈಗ ಆರಾಮಾಗವ್ನೆ," ಅಂದರು.

"ಇಲ್ಲ ಸರ್, ನಂದು ಪಾಸಾಗಿದೆ," ಅಂತ ಸರ್ಟಿಫಿಕೇಟು ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಪಕ್ಕದ ಮೇಜಿನವರ ಕಡೆ ಬಗ್ಗಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು:

"ಪಾಸಾದ್ಮೇಲೂ ಬಂದವ್ರೆ ಕಣೋ. ಮನೇಲಿ ಏನೋ ತೊಂದ್ರೆ ಇರ್ಬೇಕು."

ರಜೆ

ಮೊದಲ ದಿನ ನಾನು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಇಡೀ ತರಗತಿ ಎದ್ದು ನಿಂತು ನಮಸ್ಕಾರ ಹೇಳಿತು. ನಾನು ಸೀದಾ ಹೋಗಿ ಕೊನೇ ಬೆಂಚಿನಲ್ಲಿ ಕೂತೆ. ಅವರಿಗೆ ಕೂರಬೇಕೋ ನಿಂತಿರಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಬಂದ ಮೇಷ್ಟ್ರನ್ನು ನೋಡಿ ನನಗೇ ಎದ್ದು ನಿಲ್ಲುವುದು ಮರೆತುಹೋಯಿತು. ಎಂಟು ವರ್ಷದ ಹಿಂದೆ ನನ್ನ ಆಫೀಸಿನಲ್ಲೇ ತರಬೇತಿ ಪಡೆದವರು! ಹಾಜರಿ ಕೂಗುತ್ತಾ ನನ್ನ ಹೆಸರಿಗೆ ಬಂದರು. "ಯೆಸ್ ಸರ್," ಅಂದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು.

ಆಮೇಲೆ ಒಂದು ತಿಂಗಳು ಬೋರ್ಡಿನ ಮೇಲೆ ಏನು ಬರೆದರೂ ಹಿಂದೆ ತಿರುಗಿ "ಸರೀನಾ ಮೇಡಂ?" ಅಂತ ಕೇಳೋರು. ಕೊನೆಗೆ ಒಂದಿನ, "ನೋಡಿ, ಇಲ್ಲಿ ನೀವು ಮೇಷ್ಟ್ರು, ನಾನು ವಿದ್ಯಾರ್ಥಿನಿ. ಹಂಗೇ ನಡ್ಕೊಳಿ," ಅಂತ ಗದರಿಸಿದೆ. ಅವರು ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡರು. ತೆರಿಗೆ ರಿಟರ್ನ್ಸಿನ ಕೊನೇ ದಿನ ಹತ್ತಿರ ಬಂದಾಗ ಒಂದು ವಾರ ರಜೆ ಕೇಳಿದೆ. ಅವರು ತಲೆ ಕೆರೆದುಕೊಂಡು ಬಹಳ ಮರ್ಯಾದೆಯಿಂದ ಹೇಳಿದರು:

"ನಮ್ಮಕ್ಕನ ಮದುವೆಗೆ ನಾನು ನಾಲ್ಕು ದಿನ ಕೇಳಿದ್ದೆ ಮೇಡಂ. ನೀವು, ಊಟ ಮುಗಿಸ್ಕೊಂಡು ಮಧ್ಯಾಹ್ನಕ್ಕೆ ಬಂದ್ಬುಡಪ್ಪ ಅಂದಿದ್ರಿ."

ಅತ್ತೆಯ ಕಾವಲು

ನನ್ನ ಓದನ್ನು ನನಗಿಂತ ಗಂಭೀರವಾಗಿ ತೆಗೆದುಕೊಂಡವರು ನಮ್ಮತ್ತೆ. ಎದುರು ಮನೆಯವರು ಅರಿಶಿನ ಕುಂಕುಮಕ್ಕೆ ಕರೆಯಲು ಬಂದರೆ ಬಾಗಿಲಲ್ಲೇ ತಡೆದರು. "ಅವಳು ಬರಲ್ಲ ಕಣಮ್ಮ, ಪರೀಕ್ಷೆ."

"ಮೊಮ್ಮಗಳಿಗಾ?"

"ಅಲ್ಲ, ಸೊಸೆಗೆ. ಮೊಮ್ಮಗಳಿಗೇನು, ಅವಳು ಬುದ್ಧಿವಂತೆ."

ಯಜಮಾನರ ಭಯ

ಮೇಟಗಳ್ಳಿಯ ವರ್ಕ್‌ಶಾಪ್ ಯಜಮಾನರೊಬ್ಬರು ಹದಿನೈದು ವರ್ಷದಿಂದ ನನ್ನ ಕಕ್ಷಿದಾರರು. ಝೆರಾಕ್ಸ್ ಅಂಗಡಿಯಲ್ಲಿ ನಾನು ಹಳೇ ಪ್ರಶ್ನೆಪತ್ರಿಕೆ ಕೊಳ್ಳುವುದನ್ನು ಕಂಡು, "ಮಗಳಿಗಾ ಆಡಿಟರಮ್ಮ?" ಅಂದರು.

"ನನಗೇ. ನಾಡಿದ್ದು ಆಡಿಟಿಂಗ್ ಇಂಟರ್ನಲ್ ಟೆಸ್ಟ್."

ಅವರು ಸ್ಕೂಟರ್ ಹತ್ತಿ ಹೊರಟರು. ಮಾರನೇ ಬೆಳಿಗ್ಗೆ ಫೋನು. "ತಪ್ಪು ತಿಳ್ಕೋಬೇಡಿ. ಹದಿನೈದು ವರ್ಷ ನಮ್ಮ ಆಡಿಟ್ ಮಾಡಿದ್ದೀರ. ಅದನ್ನ ಈಗ ಓದ್ತಾ ಇದ್ದೀರಾ?" ಅರ್ಧ ಗಂಟೆ ವಿವರಿಸಿದೆ. "ಅರ್ಥ ಆಯ್ತು ಬುಡಿ," ಅಂದರು, "ಆದ್ರೂ ರಿಸಲ್ಟ್ ಬಂದ್ಮೇಲೇ ನಮ್ಮ ಫೈಲ್ ಮುಟ್ಟಿ."

ರಿಸಲ್ಟ್ ಬಂತು. ಇಪ್ಪತ್ತಕ್ಕೆ ಒಂಬತ್ತು. ಆಡಿಟರಿಗೆ ಇರಬೇಕಾದ ಗುಣಗಳನ್ನು ಬರೆಯಿರಿ ಅಂತ ಪ್ರಶ್ನೆ. ಗೈಡಿನಲ್ಲಿ ಹನ್ನೆರಡಿದ್ದವಂತೆ. ನನ್ನಲ್ಲಿ ಎಷ್ಟು ಹುಡುಕಿದರೂ ನಾಲ್ಕೇ ಸಿಕ್ಕಿದ್ದು.

ಅನುಮತಿ ಪತ್ರ

ಕೊನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ವರದಿ. ಕಡಕೊಳದ ಒಂದು ಕಾರ್ಖಾನೆಯ ದಾಸ್ತಾನು ವ್ಯವಸ್ಥೆಯ ಬಗ್ಗೆ ಬರೆದೆ. ಅಲ್ಲಿಯ ಆಡಿಟರ್ ನಾನೇ. ಮಾಲೀಕರ ಒಪ್ಪಿಗೆ ಪಡೆದು ನನ್ನ ಹಳೇ ವರದಿಯ ಕೆಲವು ಪುಟ ಸೇರಿಸಿದೆ. ಕಾಲೇಜು ಆಫೀಸಿನವರು, "ಇನ್ನೊಬ್ಬರ ವರದಿ ಬಳಸಿದ್ರೆ ಅವರ ಅನುಮತಿ ಪತ್ರ ಬೇಕು," ಅಂದರು.

"ಆ ಇನ್ನೊಬ್ಬರು ನಾನೇ."

"ಯಾರಾದ್ರೂ ಆಗ್ಲಿ ಮೇಡಂ. ಪತ್ರ ಇಲ್ದೆ ತಗೊಳಂಗಿಲ್ಲ."

ಸರಿ, ಆಫೀಸಿನಲ್ಲಿ ಕೂತು ಬಿಳಿ ಹಾಳೆಯ ಮೇಲೆ ಬರೆದೆ: "ಮಾನ್ಯರೇ, ತಮ್ಮ ವರದಿಯನ್ನು ಬಳಸಿಕೊಳ್ಳಲು ಅನುಮತಿ ನೀಡಬೇಕಾಗಿ ವಿನಂತಿ." ಸಹಿ ಹಾಕಿದೆ. ಆಮೇಲೆ ಲೆಟರ್‌ಹೆಡ್ ತೆಗೆದು ಉತ್ತರ ಬರೆದೆ: "ಸಂತೋಷದಿಂದ ಅನುಮತಿಸಲಾಗಿದೆ. ವಿದ್ಯಾರ್ಥಿನಿಯ ನಡತೆ ತೃಪ್ತಿಕರ." ಸಹಿ, ಸೀಲು.

ಮೌಖಿಕ ಪರೀಕ್ಷೆಗೆ ಬೇರೆ ಊರಿನಿಂದ ಹಿರಿಯ ಪರೀಕ್ಷಕರು ಬಂದಿದ್ದರು. ಕಾಲೇಜಿನ ದಾಖಲೆಯಲ್ಲಿ ನನ್ನದು ತವರಿನ ಹೆಸರು, ಲೆಟರ್‌ಹೆಡ್ಡಿನಲ್ಲಿ ಮದುವೆಯಾದ ಮೇಲಿನ ಹೆಸರು. ಅವರು ಎರಡೂ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಕನ್ನಡಕ ತೆಗೆದರು.

"ಎರಡೂ ಸಹಿ ಒಂದೇ ಕೈಯಲ್ಲಿ ಹಾಕಿದ್ದು."

"ಹೌದು ಸರ್, ಯಾಕಂದ್ರೆ..."

ಅವರು ಕೈ ಎತ್ತಿ ತಡೆದರು. ಪಕ್ಕದಲ್ಲಿದ್ದ ನಮ್ಮ ಮೇಷ್ಟ್ರು, "ಸರ್, ಅವರು..." ಅಂತ ಬಾಯಿ ತೆರೆದರೆ, "ನೀವು ಸುಮ್ನಿರಿ," ಅಂದರು. ಮೇಷ್ಟ್ರು ನಗು ತಡೆಯಲಾರದೆ ಪೆನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದರು.

"ಅನುಮತಿ ಪತ್ರಾನೂ ನೀವೇ ಬರ್ಕೊಂಡ್ರಾ?"

"ಹೌದು ಸರ್."

"ನಡತೆ ತೃಪ್ತಿಕರ ಅಂತಾನೂ?"

"ಹೌದು ಸರ್."

ಎರಡು ವರ್ಷದ ಓದು ನೀರುಪಾಲಾಯಿತು ಅಂದುಕೊಂಡೆ. ಅವರು ಕನ್ನಡಕ ಹಾಕಿಕೊಂಡು ಅಂಕ ಬರೆದರು. ಆಮೇಲೆ ಮಗಳಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು:

"ಸುಳ್ಳು ಹೇಳದೆ ಒಪ್ಕೊಂಡ್ರಲ್ಲಮ್ಮ, ಅದಕ್ಕೆ ಪಾಸ್ ಮಾಡಿದ್ದೀನಿ. ಆದ್ರೆ ಇನ್ಮುಂದೆ ಆ ಆಡಿಟರಮ್ಮನ ಸಹಿ ಮಾತ್ರ ಯಾವ ಕಾಗದಕ್ಕೂ ಹಾಕೋಕೆ ಹೋಗ್ಬೇಡಿ. ಜೈಲಿಗೆ ಹೋಗ್ತೀರ."