ನಗೋಯಾದಲ್ಲಿ ಹಿಡಿದ ಸೀಟು

ಟವೆಲ್ ಹಾಕಿ ಸೀಟು ಹಿಡಿಯುವುದರಲ್ಲಿ ಫಿಟ್ಟರ್ ಚಂದ್ರಾಮಪ್ಪನನ್ನು ಮೀರಿಸುವವರು ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಇರಲಿಲ್ಲ. ಪಾಪ, ಅದೇ ಹೆಮ್ಮೆ ಅವನಿಗೆ ಜಪಾನಿನಲ್ಲಿ ಮುಳುವಾಯಿತು.

ಸಿಮೆಂಟ್ ಫ್ಯಾಕ್ಟರಿಗೆ ಬರುವ ಹೊಸ ಯಂತ್ರದ ಕೆಲಸ ಕಲಿಯಲು ಅವನನ್ನೂ ಫೋರ್‌ಮನ್ ಗುರುಲಿಂಗಯ್ಯನನ್ನೂ ಹತ್ತು ದಿನ ನಗೋಯಾಕ್ಕೆ ಕಳಿಸಿದ್ದರು. ಇವತ್ತು ವಾಪಸು ಹೊರಡುವ ದಿನ. ಸಂಜೆ ಐದಕ್ಕೆ ವಿಮಾನ. ಇಬ್ಬರ ಪಾಸ್‌ಪೋರ್ಟೂ ಚಂದ್ರಾಮಪ್ಪನ ಚೀಲದಲ್ಲಿದ್ದವು. ಇಲ್ಲಿನ ಸಿಮ್ ಇಲ್ಲದ ಇಬ್ಬರ ಫೋನುಗಳೂ ಈ ದೇಶದಲ್ಲಿ ಗಂಟೆ ನೋಡಲಿಕ್ಕಷ್ಟೇ ಉಪಯೋಗಕ್ಕೆ ಬರುತ್ತಿದ್ದವು.

ಮಧ್ಯಾಹ್ನ ಒಂದಕ್ಕೆ ನೆಲದಡಿಯ ಸ್ಟೇಷನ್ನಿಗೆ ರೈಲು ಬಂತು. ಸಾಲಾಗಿ ನಿಂತವರ ಸಂದಿಯಲ್ಲಿ ನುಗ್ಗಿ ಚಂದ್ರಾಮಪ್ಪ ಎರಡು ಸೀಟಿನ ಮೇಲೆ ಟವೆಲ್ ಹಾಸಿದ, ಅದರ ಮೇಲೆ ಚೀಲ ಇಟ್ಟ, ಸೂಟ್‌ಕೇಸು ಎಳೆಯುತ್ತಿದ್ದ ಫೋರ್‌ಮನ್ನನನ್ನು ಕರೆಯಲು ಹೊರಗೆ ಬಂದ.

"ಅಯ್ಯನೋರ, ಲಗೂ ಬರ್ರಿ. ಇಬ್ಬರಿಗೂ ಸೀಟ್ ಹಿಡದೀನಿ."

ಬೆನ್ನ ಹಿಂದೆ ಬಾಗಿಲು ಮುಚ್ಚಿತು. ರೈಲು ಹೋಯಿತು.

"ಇದೇನ್ ಚಿತ್ತಾಪುರ ಬಸ್ಸೇನಲೇ?" ಗುರುಲಿಂಗಯ್ಯ ಸೂಟ್‌ಕೇಸು ಕೈಬಿಟ್ಟ. "ಪಾಸ್‌ಪೋರ್ಟ್ ಇಲ್ದವರಿಗಿ ಇಲ್ಲಿ ಸೀದಾ ಜೇಲಿಗಿ ಹಾಕ್ತಾರ."

ಚಂದ್ರಾಮಪ್ಪ ಖಾಲಿ ಹಳಿಯತ್ತ ನೋಡಿದ. ಜಪಾನಿನ ಜೈಲಿನಲ್ಲಿ ಹಸಿ ಮೀನು ಕೊಡುತ್ತಾರೋ ಏನೋ. ಊರಲ್ಲಿ ಹೆಂಡತಿ ದಾನಮ್ಮನಿಗೆ ಸುದ್ದಿ ಮುಟ್ಟಿಸುವವರು ಯಾರು? ಅವನಿಗೆ ನಿಜವಾಗಿಯೂ ಅಳು ಬಂತು.

ಬಿಳಿ ಗ್ಲೌಸಿನ ಸ್ಟೇಷನ್ ನೌಕರನೊಬ್ಬ ಓಡಿ ಬಂದು, ನಡು ಬಗ್ಗಿಸಿ ನಮಸ್ಕರಿಸಿ, ತನ್ನ ಫೋನಿಗೆ ಜಪಾನಿಯಲ್ಲಿ ಹೇಳಿ, ಅದರಿಂದ ಹಿಂದಿಯಲ್ಲಿ ಮಾತಾಡಿಸಿದ: ಈ ರೈಲು ಊರು ಸುತ್ತಿ ಇಲ್ಲಿಗೇ ಬರುತ್ತದೆ, ಐವತ್ತು ನಿಮಿಷ ಕಾಯಿರಿ.

"ವಾಡಿ ಸ್ಟೇಷನ್ದಾಗ ಹೋದ ಚೀಲ ತಿರುಗಿ ಬಂದದ್ದು ಕಂಡೀಯೇನು?" ಎಂದ ಗುರುಲಿಂಗಯ್ಯ.

"ಹಂಗನಬ್ಯಾಡ್ರಿ ಅಯ್ಯನೋರ, ನನಗ ಭಾಳ ಅಂಜಿಕಿ ಆಗ್ಲಿಕತ್ತದ."

ಬಂದ ರೈಲಿನೊಳಗೆಲ್ಲ ಇಣುಕಿ ಇಣುಕಿ ಚಂದ್ರಾಮಪ್ಪನ ಕತ್ತು ಹಿಡಿಯಿತು. ಸರಿಯಾಗಿ ಐವತ್ತನೆಯ ನಿಮಿಷಕ್ಕೆ ಬಂದ ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ನಿಂತಿದ್ದರು. ಆ ಎರಡು ಸೀಟಿನ ಮೇಲೆ ಮಾತ್ರ ಟವೆಲ್ಲು, ಚೀಲ ಹಾಗೇ ಕೂತಿದ್ದವು. ಅವನು ಒಳಗೆ ಹಾರಿ ಚೀಲ ಅಪ್ಪಿಕೊಂಡ. ಇಷ್ಟು ಒಳ್ಳೆಯ ಜನಕ್ಕೆ ಕೈಮುಗಿಯದೆ ಹೇಗೆ ಇಳಿಯುವುದು? ಒಬ್ಬೊಬ್ಬರಿಗೂ ಕೈಮುಗಿದ. ನಾಲ್ಕನೆಯವರಿಗೆ ಮುಗಿಯುವಷ್ಟರಲ್ಲಿ ಬಾಗಿಲು ಮುಚ್ಚಿತು.

ನಡುವೆ ಇಳಿದರೆ ದಾರಿ ತಪ್ಪೀತೆಂದು ಎಲ್ಲೂ ಇಳಿಯದೆ, ಚೀಲ ತಬ್ಬಿಕೊಂಡು, ಒಂದು ಸುತ್ತು ಮುಗಿಸಿ ಅದೇ ಸ್ಟೇಷನ್ನಿನಲ್ಲಿ ಇಳಿದಾಗ ಎರಡೂ ಮುಕ್ಕಾಲು. ಗುರುಲಿಂಗಯ್ಯ ಇರಲಿಲ್ಲ. ಬಿಳಿ ಗ್ಲೌಸಿನವನು ಮತ್ತೆ ಬಗ್ಗಿ ಫೋನು ಹಿಡಿದ: ನಿಮ್ಮ ಗೆಳೆಯರು ನಿಮ್ಮನ್ನು ಅರ್ಧ ದಾರಿಯಲ್ಲಿ ಹಿಡಿಯುತ್ತೇನೆಂದು ಎದುರು ದಿಕ್ಕಿನ ರೈಲು ಹತ್ತಿದರು.

ಅಷ್ಟರಲ್ಲಿ ಪ್ಲಾಟ್‌ಫಾರ್ಮಿನ ಆಚೆ ಬದಿಗೆ ಆ ದಿಕ್ಕಿನ ರೈಲು ಬಂದು ನಿಂತಿತು. ಕಿಟಕಿಯಲ್ಲಿ ಗುರುಲಿಂಗಯ್ಯನ ಹಣೆಯ ವಿಭೂತಿ ಕಂಡಿತು.

"ಅಯ್ಯನೋರ, ಅಲ್ಲೇ ಕುಂದ್ರಿ, ಬಂದೆ" ಎಂದು ಚಂದ್ರಾಮಪ್ಪ ಈ ಬಾಗಿಲಿನಿಂದ ಒಳಗೆ ಹಾರಿದ. ಅವನನ್ನು ಕಂಡ ಗುರುಲಿಂಗಯ್ಯ ಆ ಬಾಗಿಲಿನಿಂದ ಹೊರಗೆ ಹಾರಿದ.

ಎರಡೂ ಬಾಗಿಲು ಒಟ್ಟಿಗೇ ಮುಚ್ಚಿದವು. ಇಬ್ಬರ ಪಾಸ್‌ಪೋರ್ಟೂ ಎದೆಗೆ ಅವಚಿಕೊಂಡು ಚಂದ್ರಾಮಪ್ಪ ಒಬ್ಬನೇ ಮತ್ತೆ ಊರು ಸುತ್ತಲು ಹೊರಟ.