ಬಾತುಕೋಳಿಗೆ ಮನೆ ನೋಡಿದ್ದು

ನಮ್ಮ ಸೋದರಮಾವ ಎದುರಿಗೆ ಬಂದ ಬಾಡೂಟವನ್ನು ಬೇಡವೆಂದಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಒಂದು ಬಾತುಕೋಳಿಯ ದೆಸೆಯಿಂದ. ಇದನ್ನು ಹೇಳಿದರೆ ಮಂಡ್ಯದಲ್ಲಿ ಯಾರೂ ನಂಬುವುದಿಲ್ಲ. ನಂಬುವುದಾದರೂ ಹೇಗೆ? ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನಲ್ಲಿ ಎಲ್ಲಿ ಬೀಗರೂಟವಾದರೂ ಮೊದಲ ಪಂಕ್ತಿಯಲ್ಲಿ ಮಾವ ಇರುತ್ತಾರೆ. ಗಂಡಿನವರು ಇವರನ್ನು ಹೆಣ್ಣಿನ ಕಡೆಯವರೆಂದುಕೊಳ್ಳುತ್ತಾರೆ, ಹೆಣ್ಣಿನವರು ಗಂಡಿನ ಕಡೆಯವರೆಂದುಕೊಳ್ಳುತ್ತಾರೆ. ಅಷ್ಟರಲ್ಲಿ ಮಾವನ ಎರಡನೇ ಮುದ್ದೆ ಮುಗಿದಿರುತ್ತದೆ.

ಇಂಥ ಮನುಷ್ಯನ ಕೈಗೆ ಬಾತುಕೋಳಿ ಸಿಕ್ಕಿದ್ದು ಮಂಡ್ಯದ ಗುತ್ತಲಿನಲ್ಲಿ, ಅವರ ಬೀದಿಯಲ್ಲೇ. ಎದುರುಮನೆ ಬಾಡಿಗೆಯವರು ಮನೆ ಖಾಲಿ ಮಾಡಿದರು. ಮಂಚ, ಬೀರು, ಕೊನೆಗೆ ತುಳಸಿ ಕುಂಡವೂ ಗೂಡ್ಸ್ ಆಟೋ ಹತ್ತಿತು. ಮಕ್ಕಳ ಆಟಕ್ಕೆಂದು ತಂದು ಸಾಕಿದ್ದ ಬಿಳಿ ಬಾತುಕೋಳಿ ಮಾತ್ರ ಮೋರಿಯಲ್ಲಿ ಉಳಿಯಿತು. ಸುತ್ತ ಬೀದಿನಾಯಿಗಳು ಸಭೆ ಸೇರಿದ್ದವು. ಮಾವ ಪಂಚೆ ಎತ್ತಿ ಕಟ್ಟಿ, ಮೋರಿಗಿಳಿದು, ಅದನ್ನು ಎತ್ತಿಕೊಂಡು ಬಂದರು. ನಮ್ಮತ್ತೆ ನೋಡಿದ ಕೂಡಲೇ ಈರುಳ್ಳಿ ಸುಲಿಯಲು ಕೂತರಂತೆ. ಅವರದೇನೂ ತಪ್ಪಿಲ್ಲ. ಮಾವ ರೆಕ್ಕೆಯಿರುವುದೇನನ್ನಾದರೂ ಹಿಡಿದು ಮನೆಗೆ ಬಂದರೆ ಇನ್ನೇನು ಅಂದುಕೊಳ್ಳಬೇಕು?

“ಏಯ್, ಇದು ತಿನ್ನಕ್ಕಲ್ಲ ಕಣೆ,” ಅಂದರು ಮಾವ.

“ಮತ್ತೆ, ಪೂಜೆ ಮಾಡಕ್ಕಾ?”

ಬಾತುಕೋಳಿ ಬಚ್ಚಲುಮನೆ ಹಿಡಿಯಿತು. ಅತ್ತೆ ಮೂರು ದಿನ ಪಕ್ಕದ ಮನೆಯಲ್ಲಿ ಸ್ನಾನ ಮಾಡಿದರು. ನಾಲ್ಕನೇ ದಿನ ಅದು ಮಾವನ ಹೆಲ್ಮೆಟ್ಟಿನೊಳಗೆ ಮೊಟ್ಟೆ ಇಟ್ಟಿತು. ಅಲ್ಲಿಗೆ ಅದು ಹೆಣ್ಣೆಂದು ಖಾತ್ರಿಯಾಯಿತು, ಅತ್ತೆಯ ತಾಳ್ಮೆಯೂ ಮುಗಿಯಿತು. “ಬರೋ ಬಾನುವಾರದೊಳಗೆ ಇದಕ್ಕೊಂದು ಜಾಗ ನೋಡ್ಬುಡಿ. ಇಲ್ಲಾಂದ್ರೆ ಮಸಾಲೆ ಅರೆಯದು ನಂಗೊತ್ತು,” ಅಂದರು. ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ.

ಸ್ಕೂಟರಿನ ಹಿಂದೆ ಕೂರುವ ಕೆಲಸ ನನಗೆ ಬಿತ್ತು. ಅವರ ತಂಗಿಯ ಮಗಳು ನಾನು, ಬೇರೆ ಯಾರೂ ಒಪ್ಪಲಿಲ್ಲ. ತೊಡೆಯ ಮೇಲೆ ರಟ್ಟಿನ ಪೆಟ್ಟಿಗೆ, ಅದರೊಳಗಿಂದ ಮೇಲೆದ್ದ ಬಾತುಕೋಳಿಯ ಕತ್ತು. ಮೊದಲು ಹೋಗಿದ್ದು ಕೊಕ್ಕರೆ ಬೆಳ್ಳೂರಿಗೆ. ಅಷ್ಟೊಂದು ಕೊಕ್ಕರೆ ಸಾಕುವ ಊರಿಗೆ ಇದೊಂದು ಭಾರವೇ ಅನ್ನುವುದು ಮಾವನ ಲೆಕ್ಕ. ಹುಣಸೆ ಮರದ ಕೆಳಗೆ ಕೂತಿದ್ದ ಹಿರಿಯರೊಬ್ಬರು ಪೆಟ್ಟಿಗೆಯೊಳಗೆ ಇಣುಕಿದರು.

“ನಮ್ಮೂರ್ಗೆ ಬರೋವೆಲ್ಲ ಆರ್ಕಂಡು ಬತ್ತವೆ. ಸ್ಕೂಟ್ರಲ್ಲಿ ಬಂದಿರದು ಇದೇ ಮೊದ್ಲು,” ಅಂದರು. ಆಮೇಲೆ, “ಅವು ಬಾಣಂತನಕ್ಕೆ ತವರಿಗೆ ಬರೋ ಎಣ್ಮಕ್ಕಳಿದ್ದಂಗೆ ಸ್ವಾಮಿ, ಮರಿ ಮಾಡ್ಕಂಡು ಓಯ್ತವೆ. ನಿಮ್ದು ಎಲ್ಲಿಗೂ ಓಗಲ್ಲ. ಇದಕ್ಕೆ ತವರಲ್ಲ, ಗಂಡನ ಮನೆ ನೋಡಿ,” ಅಂದು ನಕ್ಕರು.

ಅವರು ತಮಾಷೆಗೆ ಹೇಳಿದ್ದು. ಮಾವ ಅದನ್ನು ತಲೆಗೆ ಹಾಕಿಕೊಂಡುಬಿಟ್ಟರು! ಅವತ್ತಿನಿಂದ ಬಾತುಕೋಳಿಯನ್ನು ಜೊತೆಗೆ ಒಯ್ಯುವುದು ನಿಂತಿತು. “ಎಣ್ಣನ್ನ ಕರ್ಕಂಡು ಮನೆ ನೋಡಕ್ಕೋಯ್ತಾರಾ ಯಾರಾದ್ರೂ?” ಅಂದರು. ಇನ್ನೊಂದು ನೇಮವೂ ಶುರುವಾಯಿತು. ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೋದರೆ, ಮನಸ್ಸು ಒಪ್ಪುವ ತನಕ ಅಲ್ಲಿ ಉಣ್ಣುವುದಿಲ್ಲ. ಕೈ ತೊಳೆದು ಎಲೆಯ ಮುಂದೆ ಕೂತರೆ ಹೆಣ್ಣು ಕೊಟ್ಟ ಹಾಗೆಯೇ.

ನಿಡಘಟ್ಟದಲ್ಲಿ ಮಾವನ ಗೆಳೆಯರೊಬ್ಬರ ತೋಟದ ಮನೆಯಿತ್ತು. ನಾವು ಹೋದಾಗ ಒಲೆಯ ಮೇಲೆ ನಾಟಿಕೋಳಿ ಸಾರು ಕುದಿಯುತ್ತಿತ್ತು. ಮಾವನ ಮೂಗು ಅರಳಿತು. ನನಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೆ ಮಾವ ನೇರ ಹಿತ್ತಲಿಗೆ ಹೋದರು. ಅಲ್ಲಿದ್ದಿದ್ದು ಒಂದು ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಅರ್ಧ ನೀರು.

“ಇಷ್ಟೇಯಾ ನೀರು?”

“ಸಾಕು ಬುಡ್ಲಾ. ಅದೇನು ನೂರು ವರ್ಸ ಈಜ್ತದಾ? ವರ್ಸತೊಡಕು ಗಂಟ ತಾನೆ?”

ವರ್ಸತೊಡಕೆಂದರೆ ಯುಗಾದಿಯ ಮಾರನೇ ದಿನ, ನಮ್ಮಲ್ಲಿ ಮನೆಮನೆಯಲ್ಲೂ ಬಾಡು. ಮಾವ ಚಪ್ಪಲಿ ಮೆಟ್ಟಿಕೊಂಡರು. “ಉಣ್ಕಂಡೋಗ್ಲಾ,” ಅನ್ನುತ್ತಾ ಗೆಳೆಯ ಗೇಟಿನವರೆಗೂ ಬಂದರು. ಮಾವ ತಿರುಗಿ ನೋಡಲಿಲ್ಲ. ಮದ್ದೂರಿನಲ್ಲಿ ಗಾಡಿ ನಿಲ್ಲಿಸಿ ನಾಲ್ಕು ವಡೆ ತಿಂದರು.

ಸುದ್ದಿ ಕೇಳಿ ನಮ್ಮವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಾಟಿಕೋಳಿ ಬುಟ್ಟು ಬಂದ್ನಾ ನಮ್ಮಣ್ಣ? ಡಾಕ್ಟ್ರಿಗೆ ತೋರಿಸ್ರಪ್ಪ ಅವನ್ನ.”

ಶನಿವಾರ, ಕೊನೆಯ ದಿನ. ಅತ್ತೆ ಬೆಳಗ್ಗೆಯೇ ಕೊತ್ತಂಬರಿ ಸೊಪ್ಪು ತಂದಿಟ್ಟಿದ್ದರು. ಮಳವಳ್ಳಿ ಕಡೆ ಒಂದು ಹಳ್ಳಿಯಲ್ಲಿ ಒಬ್ಬಾಕೆ ಮೊಟ್ಟೆಗಾಗಿ ಬಾತುಕೋಳಿ ಸಾಕುತ್ತಾರೆಂದು ಯಾರೋ ಹೇಳಿದ್ದರು. ಹೋದೆವು. ಮನೆಯ ಹಿಂದೆ ಹೊಂಡ, ಅದರಲ್ಲಿ ಎಂಟು ಹತ್ತು ಬಾತುಕೋಳಿ. ಮಾವ ಆಕೆಗೆ ಬಂದ ಕಾರಣ ಹೇಳಿದವರೇ ಪಂಚೆ ಎತ್ತಿ ಕಟ್ಟಿ ನೀರಿಗಿಳಿದುಬಿಟ್ಟರು.

“ಏನಣ್ಣ, ಬಾತುಕೋಳಿ ಕೊಡಕ್ಕೆ ಬಂದ್ರಾ, ಈಜಕ್ಕೆ ಬಂದ್ರಾ?” ಅಂದರು ಆಕೆ.

“ಬ್ಯಾಸ್ಗೇಲೂ ನೀರಿರ್ತದಾ?”

“ನಾಲೆ ನಿಂತ್ರೂ ಇರ್ತದೆ. ತಳದಲ್ಲಿ ಒರತೆ ಐತೆ.”

“ಮೊಟ್ಟೆ ಇಡದು ನಿಂತ್ಮೇಲೆ?”

ಆಕೆ ದಡದ ಮೇಲೆ ಕುಂಟುತ್ತಿದ್ದ ಒಂದು ಮುದಿ ಬಾತುಕೋಳಿಯನ್ನು ತೋರಿಸಿದರು. “ಅದು ಮೊಟ್ಟೆ ನಿಲ್ಸಿ ಮೂರು ವರ್ಸಾಯ್ತು. ನಾನೇನು ಅದನ್ನ ಓಡ್ಸಿದೀನಾ?”

ಮಾವ ಮೇಲೆ ಬಂದು ಕೈ ತೊಳೆದರು. ಅವತ್ತು ಆ ಮನೆಯಲ್ಲಿ ಬರೀ ಬಸ್ಸಾರು. ಎರಡು ಮುದ್ದೆ ಉಂಡರು. ಸಂಜೆಯೊಳಗೆ ಬಾತುಕೋಳಿಯನ್ನೂ, ಮಡಿಲಕ್ಕಿಯೆಂದು ಐದು ಸೇರು ಭತ್ತವನ್ನೂ ತಂದು ಬಿಟ್ಟೆವು. ಅದು ನೀರು ಕಂಡದ್ದೇ ಓಡಿತು, ನಮ್ಮ ಕಡೆ ತಿರುಗಿ ಕೂಡ ನೋಡಲಿಲ್ಲ.

ಬರುವಾಗ ಖಾಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಮಾವನನ್ನು ಕೇಳಿದೆ: “ಒಂದು ಬಾತುಕೋಳಿಗೆ ಇಷ್ಟೊಂದು ಯಾಕ್ ಮಾವ?”

ಸ್ಕೂಟರು ನಿಧಾನವಾಯಿತು. “ನಿಮ್ಮವ್ವನ್ನ ಕೊಡೋವಾಗ ಮನೆ ನೋಡಕ್ಕೆ ನಮ್ಮಪ್ಪ ನನ್ನೇ ಕಳ್ಸಿದ್ರು ಕಣವ್ವ. ಓಯ್ತಿದ್ದಂಗೆ ಎಲೆ ಹಾಕ್ಬುಟ್ರು. ಬೋಟಿ ಗೊಜ್ಜು ಚೆನ್ನಾಗಿತ್ತು. ಕೈ ತೊಳ್ದು ಕೂತ್ಬುಟ್ಟೆ. ಹಿತ್ಲು ಕಡೆ ಓಗ್ಲೇ ಇಲ್ಲ.”

ನಮ್ಮ ಹಳೆಯ ಮನೆಯ ಹಿತ್ತಲಲ್ಲಿ ನೀರಿರಲಿಲ್ಲ. ನಾನು ಹೈಸ್ಕೂಲಿಗೆ ಬರುವವರೆಗೂ ಅವ್ವ ಊರಾಚೆಯ ಬಾವಿಯಿಂದ ಹೊತ್ತು ತರುತ್ತಿದ್ದಳು. ಅವಳ ಸೊಂಟ ಇವತ್ತಿಗೂ ನೆಟ್ಟಗಾಗಿಲ್ಲ. ತವರಿನಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಮಾವ ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದು ನನಗೆ ಗೊತ್ತೇ ಇರಲಿಲ್ಲ. ಹಿಂದೆ ಕೂತಿದ್ದ ನನಗೆ ಅಳು ಬಂತು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಈ ಸಲ ಅವಳು ನಗಲಿಲ್ಲ. ಬಿಡಿಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟು, “ನಾಳೆ ಊಟಕ್ಕೆ ಬರಕ್ಕೇಳು ಅವನ್ಗೆ. ಬೋಟಿ ತರಿಸ್ತೀನಿ,” ಅಂದಳು.

ಮರುದಿನ ಮಾವ ಬಂದರು. ಎಲೆ ಹಾಕಿತ್ತು, ಗೊಜ್ಜಿನ ವಾಸನೆ ಬೀದಿಯವರೆಗೂ ಬರುತ್ತಿತ್ತು. ಮಾವ ಕೂರಲಿಲ್ಲ. ನೇರ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬೀಳುವುದನ್ನು ನೋಡುತ್ತಾ ನಿಂತರು, ಕೈ ಮಾತ್ರ ಚಾಚಲಿಲ್ಲ. ಅವ್ವ ಹಿತ್ತಲ ಬಾಗಿಲಿಗೆ ಬಂದಳು.

“ಈಗ ಎರಡೊತ್ತೂ ನೀರೈತೆ ಕಣಣ್ಣ. ಕೈ ತೊಳ್ಕಂಡು ಬಾ, ಉಣ್ಣು.”